ಅಜ್ಜಿಯ ಸರದಿ

ಆ ಮನೆಯಲ್ಲಿ ಬಾಯಿ ತಪ್ಪಿಯೂ ಆಡಬಾರದ ಮಾತೊಂದಿತ್ತು. ಬೈಗುಳವಲ್ಲ. ಬೈಗುಳಕ್ಕೆ ತಲೆಗೊಂದು ಮೊಟಕು ಬಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ‘ನನಗೇನೂ ಬೇಡ’ ಎನ್ನುವ ಮಾತು. ಅದನ್ನು ಯಾರಾದರೂ ಆಡಿದರೆ ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು, ಅವರ ಎದುರಿಗೆ ಬಂದು ಕೂತು, ಬೇಕಾದ್ದು ಏನೆಂದು ಬಾಯಿ ಬಿಡುವವರೆಗೂ ಏಳುತ್ತಿರಲಿಲ್ಲ. ಅಜ್ಜಿಗೆ ಇದು ಗೊತ್ತಿರಲಿಲ್ಲ. ಬಂದ ಮೂರನೇ ದಿನವೇ ಆಡಿಬಿಟ್ಟಳು.

ಅಜ್ಜಿಗೆ ಅರವತ್ತೆಂಟು. ಮೂವತ್ತೊಂದು ವರ್ಷ ಒಂದು ಲಾಡ್ಜಿನಲ್ಲಿ ರೂಮು ಗುಡಿಸಿ, ಒರೆಸಿ, ಹಾಸಿಗೆ ಹಾಸುವ ಕೆಲಸ ಮಾಡಿ, ಮೊಣಕಾಲು ಹೇಳಿದ ಮಾತು ಕೇಳದಂತಾದಾಗ ಬಿಟ್ಟು, ಒಂದು ಪೆಟ್ಟಿಗೆ ಮತ್ತು ಒಂದು ಚೀಲದೊಡನೆ ಮಗನ ಮನೆಗೆ ಬಂದಿದ್ದಳು. ಮಗ ಒಬ್ಬನೇ. ಅವನಿಗೆ ಎರಡು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ಅಲ್ಲಿಂದ ಹೊಟ್ಟೆ ಬಟ್ಟೆ ಕಟ್ಟಿ ಅವನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವನು ಒಂದು ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಸೊಸೆಗೆ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಗಳನ್ನು ದೀಪದ ಕೆಳಗೆ ಹಿಡಿದು, ಹೊಲಿಗೆ ತಪ್ಪಿದ್ದನ್ನು ಬೇರೆ ಹಾಕುವುದು. ದಿನವಿಡೀ ನಿಂತೇ ಮಾಡುವ ಕೆಲಸ ಅದು.

ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಸರಿಯಬೇಕಾದಂಥ ಅಡುಗೆಮನೆ. ಅದರಲ್ಲಿ ಐದು ಜನ ಇದ್ದರು, ಅಜ್ಜಿ ಬಂದು ಆರಾಯಿತು. ಬರುವಾಗ ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಸೊಸೆಗೆ ಸಂಸಾರ ತೂಗಿಸುವುದು ಹೇಗೆಂದು ನಾನು ಹೇಳಿಕೊಡಬೇಕು, ಈ ಕಾಲದ ಹೆಣ್ಣುಮಕ್ಕಳಿಗೆ ಏನು ಗೊತ್ತು ಎಂದು. ಎರಡೇ ದಿನದಲ್ಲಿ ಆ ಹಮ್ಮು ಇಳಿಯಿತು. ಸೋಪನ್ನು ಮೂರು ತುಂಡು ಮಾಡಿ ಒಂದೊಂದಾಗಿ ತೆಗೆಯುವವಳಿಗೆ ಏನು ಹೇಳಿಕೊಡುವುದು? ಅಂಗಿಯ ಕಾಲರ್ ಸವೆದರೆ ಬಿಚ್ಚಿ ಮಗುಚಿ ಹೊಲಿಯುತ್ತಿದ್ದಳು. ಹೊಸದೆಂದು ಹೇಳಿದರೆ ಅಂಗಡಿಯವನೂ ನಂಬಬೇಕು. ಸಂಜೆ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ದೀಪ, ಒಂದೇ ಫ್ಯಾನು. ಮಕ್ಕಳು ಅಲ್ಲೇ ಓದಬೇಕು, ಗಂಡ ಅಲ್ಲೇ ಕೂರಬೇಕು, ಅವಳು ಅಲ್ಲೇ ತರಕಾರಿ ಹೆಚ್ಚಬೇಕು. ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸಲು ಗುರುತು ಹಾಕಿ ಬಿಸಾಡುವ ಉದ್ದನೆಯ ಕಾಗದವನ್ನು ಸುರುಳಿ ಸುತ್ತಿ ತಂದು, ಅದರ ಹಿಂಬದಿಯಲ್ಲಿ ಮಕ್ಕಳಿಂದ ಲೆಕ್ಕ ಮಾಡಿಸುತ್ತಿದ್ದಳು. ಒಂದು ಭಾಗಾಕಾರ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು. ಇಷ್ಟೆಲ್ಲ ಮಾಡಿಯೂ ಅವಳ ಮುಖದ ಮೇಲೆ ‘ನೋಡಿ ನನ್ನ ಕಷ್ಟ’ ಎನ್ನುವ ಒಂದು ಗೆರೆ ಇರಲಿಲ್ಲ. ಅಜ್ಜಿಗೆ ಮೆಚ್ಚುಗೆಯ ಜೊತೆಗೆ ತುಸು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು.

ಮೂರನೇ ದಿನ ತಿಂಗಳ ಒಂದನೇ ತಾರೀಕು. ಊಟವಾದ ಮೇಲೆ ಸೊಸೆ ಕಪಾಟಿನಿಂದ ಬಿಸ್ಕತ್ತಿನ ಹಳೇ ಡಬ್ಬವೊಂದನ್ನು ತಂದು ಅಜ್ಜಿಯ ಮುಂದಿಟ್ಟಳು.

“ಈ ತಿಂಗಳ ಸರದಿ ನಿಮ್ದು ಅತ್ತೆ. ಏನು ಬೇಕು ಹೇಳಿ.”

“ನನಗೇನೂ ಬೇಡ ಕಣಮ್ಮ.”

ನಾಲ್ಕು ತಲೆಗಳು ಒಟ್ಟಿಗೇ ಮೇಲೆದ್ದವು. ನಾಲ್ಕು ವರ್ಷದ ಪುಟ್ಟ, “ಅಜ್ಜಿ ಹೇಳ್ಬಿಟ್ಳು!” ಎಂದು ಕಿರುಚಿ ಬಾಯಿಗೆ ಕೈ ಅಡ್ಡ ಹಿಡಿದ. ಅಜ್ಜಿ ಗಾಬರಿಯಿಂದ ಮಗನ ಮುಖ ನೋಡಿದಳು. ಅವನು ನಗು ತಡೆದುಕೊಂಡು ಎರಡನೇ ಮಗಳ ಕಡೆ ತೋರಿಸಿದ. ಹತ್ತು ವರ್ಷದ ಆ ಹುಡುಗಿ ಪ್ರತಿಯೊಂದಕ್ಕೂ ಪಾಯಿಂಟು ಹಾಕಿ ವಾದ ಮಾಡುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಅವಳು ಎದ್ದು ನಿಂತು ಕಾನೂನು ಹೇಳಿದಳು.

“ಅಜ್ಜಿ, ಕೇಳು. ಬಾಡಿಗೆ, ಅಕ್ಕಿ, ಗ್ಯಾಸು, ಸ್ಕೂಲು, ಔಷಧಿ ಎಲ್ಲ ಆಗಿ ಉಳಿದಿದ್ದು ಡಬ್ಬಕ್ಕೆ. ಡಬ್ಬ ತಿಂಗಳಿಗೆ ಒಬ್ರದು. ಮನೆಗೆ ಬೇಕಾದ್ದು ಅದ್ರಲ್ಲಿ ತಗೊಳ್ಳೋ ಹಾಗಿಲ್ಲ. ಬೇರೆಯೋರಿಗೂ ತಗೊಳ್ಳೋ ಹಾಗಿಲ್ಲ. ಬಿಟ್ಕೊಡೋ ಹಾಗಂತೂ ಇಲ್ವೇ ಇಲ್ಲ. ನಿಂಗೋಸ್ಕರ, ನಿಂಗೆ ಆಸೆ ಇರೋದು. ಏನು ತಗೊಂಡ್ರೂ ಯಾಕೆ ಅಂತ ಯಾರೂ ಕೇಳಲ್ಲ.”

“ಹೊಸಬರು ಬಂದ್ರೆ ಅವರಿಗೆ ಮೊದಲು,” ಎಂದಳು ಸೊಸೆ. “ಪುಟ್ಟ ಹುಟ್ಟಿದಾಗ್ಲೂ ಹಾಗೇ ಮಾಡಿದ್ವಿ.”

“ನಾನು ತಗೊಳ್ದೇ ಇದ್ರೆ?”

“ಮುಂದಿರೋರದು ಮುಗೀದೆ ಹಿಂದಿರೋರದು ಶುರುವಾಗಲ್ಲ,” ವಕೀಲಮ್ಮ ಖಡಾಖಂಡಿತವಾಗಿ ಹೇಳಿದಳು. “ಅಪ್ಪ ಒಂದ್ಸಲ ಮೂರು ತಿಂಗಳು ‘ಬೇಡ, ಬೇಡ’ ಅಂತ ಕೂತಿದ್ರು, ದುಡ್ಡು ಸೇರಿದ್ರೆ ನಮಗೆ ಆಗುತ್ತೆ ಅಂತ. ಆಗ ಮಾಡಿದ್ದು ಈ ರೂಲು.”

ಅಪ್ಪ ತಲೆ ಕೆರೆದುಕೊಂಡ. ಆ ಮೂರು ತಿಂಗಳ ಕೊನೆಗೆ ಅವನು ಕೊಂಡದ್ದು ಒಂದು ಮೌತ್ ಆರ್ಗನ್. ಇವತ್ತಿಗೂ ಅದರಲ್ಲಿ ಒಂದೇ ಹಾಡು, ಅದೂ ಅರ್ಧ. ಪುಟ್ಟ ತನ್ನ ಸರದಿಯಲ್ಲಿ ಡಬ್ಬದ ದುಡ್ಡಿಗೆಲ್ಲ ಬಲೂನು ತಂದು ಒಂದೇ ದಿನದಲ್ಲಿ ಒಡೆದು ಮುಗಿಸಿದ್ದ. ಯಾರೂ ಚಕಾರ ಎತ್ತಿರಲಿಲ್ಲ. ಸೊಸೆ ಹೋದ ಸಲ ಒಬ್ಬಳೇ ಹೋಗಿ ಒಂದರ ಹಿಂದೊಂದು ಎರಡು ಸಿನಿಮಾ ನೋಡಿಕೊಂಡು ಬಂದಿದ್ದಳಂತೆ. ಅಜ್ಜಿ ತೆರೆದ ಬಾಯಿ ಮುಚ್ಚಲಿಲ್ಲ. ಮೂರು ಮಕ್ಕಳ ತಾಯಿ, ಕೈ ಬಿಗಿ ಇರುವ ಸಂಸಾರ, ಎರಡು ಸಿನಿಮಾ!

ಅಜ್ಜಿಯ ನಂತರದ ಸರದಿ ದೊಡ್ಡ ಮೊಮ್ಮಗಳದು. ಹದಿಮೂರರ ಹುಡುಗಿ, ಕೋಲು ಕಾಲಿನವಳು, ಮೆಟ್ಟಿಲನ್ನು ಹತ್ತಿದ್ದೇ ಇಲ್ಲ, ಹಾರಿದ್ದೇ. ಶಾಲೆಯಲ್ಲಿ ಅವಳ ಮುಂದೆ ಓಡುವವರು ಇರಲಿಲ್ಲ. ಮುಂದಿನ ತಿಂಗಳು ನಾಲ್ಕನೇ ತಾರೀಕು ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಅವಳ ಹಳೇ ಶೂಗಳ ಅಟ್ಟೆ ಬಾಯಿ ಬಿಟ್ಟಿತ್ತು. ಇದನ್ನು ಹಾಕಿಕೊಂಡು ಬಂದರೆ ಟ್ರ್ಯಾಕಿಗೆ ಬಿಡುವುದಿಲ್ಲ, ಬರಿಗಾಲಿಗೂ ಅವಕಾಶವಿಲ್ಲ ಎಂದು ಆಟದ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು. ಒಂದನೇ ತಾರೀಕು ಡಬ್ಬ ಅವಳ ಕೈಗೆ ಬರಬೇಕು, ಶೂ ಬರಬೇಕು, ನಾಲ್ಕಕ್ಕೆ ಓಡಬೇಕು. ಅಷ್ಟರೊಳಗೆ ಅಜ್ಜಿಗೆ ಏನಾದರೂ ಬೇಕಾಗಬೇಕು.

ಇದೇನು ಮಹಾ ಎಂದುಕೊಂಡಳು ಅಜ್ಜಿ. ಮಾರನೇ ದಿನವೇ, “ನಂಗೊಂದು ಕುಕ್ಕರ್ ಬೇಕು,” ಎಂದಳು.

“ಅದು ಅಡುಗೆಮನೆಗೆ ಬೇಕು, ನಿಮಗಲ್ಲ,” ಎಂದಳು ಸೊಸೆ.

ವಾರ ಬಿಟ್ಟು ಸಿಹಿ ತಿಂಡಿ ಎಂದಳು. “ಎಷ್ಟು ತಿಂತೀರಿ ನೀವು?” ಎಂದು ಕೇಳಿದರೆ, “ಮಕ್ಕಳು ತಿಂತಾವಲ್ಲ,” ಎಂದು ಬಾಯಿ ಬಿಟ್ಟು ತಾನೇ ಸಿಕ್ಕಿಬಿದ್ದಳು. ಮಗನಿಗೊಂದು ಸ್ವೆಟರ್ ಎನ್ನಲು ಹೊರಟು ವಕೀಲಮ್ಮನ ಮುಖ ನೋಡಿ ಉಗುಳು ನುಂಗಿದಳು. ಕೊನೆಗೆ ಜಾಣತನ ಮಾಡಿ, ತನಗೇ ಒಂದು ಶಾಲು ಬೇಕೆಂದಳು. ಭಾನುವಾರ ಸೊಸೆ ಅಂಗಡಿಗೆ ಕರೆದುಕೊಂಡು ಹೋದಳು. ಅಜ್ಜಿ ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದಳು. ಬಣ್ಣವೋ, ದೊಡ್ಡ ಮೊಮ್ಮಗಳಿಗೆ ಹೇಳಿ ಮಾಡಿಸಿದ ಹಾಗಿನ ಗುಲಾಬಿ. ಸೊಸೆ ಅದನ್ನು ಅವಳ ಕೈಯಿಂದ ತೆಗೆದು ಮಡಿಸಿ ಮತ್ತೆ ಇದ್ದಲ್ಲೇ ಇಟ್ಟಳು.

“ದಿನಕ್ಕೆ ಎಂಟುನೂರು ಅಂಗಿ ನೋಡ್ತೀನಿ ಅತ್ತೆ. ಹುಸಿ ಹೊಲಿಗೆ ನಂಗೆ ಗೊತ್ತಾಗಲ್ವಾ?”

ಅಂಗಡಿಯವನೆದುರು ಅಜ್ಜಿಗೆ ನಾಚಿಕೆಯಾಯಿತು. ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದಳು. ಮನೆಯಲ್ಲಿ ದೊಡ್ಡ ಮೊಮ್ಮಗಳು ಬಾಗಿಲ ಬಳಿ ಕೂತು, ಶೂವಿನ ಅಟ್ಟೆಗೆ ಗೋಂದು ಹಚ್ಚಿ ಅದರ ಮೇಲೆ ನೀರು ತುಂಬಿದ ಬಿಂದಿಗೆ ಹೇರುತ್ತಿದ್ದಳು. ಪ್ರತಿ ಸಂಜೆ ಅದೇ ಕೆಲಸ, ಪ್ರತಿ ಬೆಳಿಗ್ಗೆ ಅದು ಮತ್ತೆ ಬಾಯಿ ಬಿಡುವುದು. ಅಜ್ಜಿಯನ್ನು ಕಂಡರೆ ಆ ಹುಡುಗಿ ಏನೂ ಕೇಳುತ್ತಿರಲಿಲ್ಲ. ‘ಅಜ್ಜಿ, ಬೇಗ ಏನಾದರೂ ಬೇಕು ಅನ್ನು’ ಎಂದು ಒಂದು ಸಲ ಅಂದಿದ್ದರೆ ಅಜ್ಜಿಗೆ ಹಗುರಾಗುತ್ತಿತ್ತು. ಅವಳು ಅನ್ನಲಿಲ್ಲ, ಅಜ್ಜಿಯ ಎದೆ ಮಾತ್ರ ದಿನದಿನಕ್ಕೆ ಭಾರವಾಯಿತು.

ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಅಜ್ಜಿಯ ತಾಳ್ಮೆ ತಪ್ಪಿತು. ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ತರಾಟೆಗೆ ತೆಗೆದುಕೊಂಡಳು.

“ಏನೇ ಇದು ನಿಂದು? ಕೂಸು ಹರಿದ ಶೂ ಹಿಡ್ಕೊಂಡು ಕೂತಿದೆ, ಡಬ್ಬದಲ್ಲಿ ದುಡ್ಡಿದೆ, ನಾನು ಬೇಡ ಅಂತಿದೀನಿ. ತೆಗೆದುಕೊಡೋಕೆ ನಿಂಗೇನು ರೋಗ? ಆಸೆ ಪಡು ಆಸೆ ಪಡು ಅಂತ ಕತ್ತಿನ ಮೇಲೆ ಕೂತರೆ ಆಸೆ ಬರುತ್ತಾ? ಮಕ್ಕಳಿಗೆ ಬಿಟ್ಟುಕೊಡೋದು ತಾಯಿ ಕರುಳು. ಅದನ್ನೇ ತಪ್ಪು ಅನ್ನೋ ಮನೆ ನಾನು ಎಲ್ಲೂ ಕಂಡಿಲ್ಲ!”

ಮಕ್ಕಳು ಕೆಳಗೆ ಆಡುತ್ತಿದ್ದರು. ಸೊಸೆ ಚೀಲ ಕೆಳಗಿಟ್ಟು ಹೊಸ್ತಿಲ ಮೇಲೇ ಕೂತಳು. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ, ತುಂಬ ದಣಿದ ಹಾಗೆ ಕಂಡಳು.

“ನಾನೂ ನಿಮ್ಮ ಹಾಗೇ ಇದ್ದೆ ಅತ್ತೆ. ಇದ್ದಿದ್ದೆಲ್ಲ ಮಕ್ಕಳಿಗೆ, ಉಳಿದ್ರೆ ಇವ್ರಿಗೆ. ನೋಡಿದೋರೆಲ್ಲ ಹೊಗಳೋರು. ಒಂದಿನ ಫ್ಯಾಕ್ಟರೀಲಿ ಯಾರೋ ನಂಗೊಂದು ಕಿತ್ತಳೆ ಹಣ್ಣು ಕೊಟ್ಳು. ಮನೆಗೆ ತಂದೆ. ಬಿಡಿಸಿದ್ರೆ ಒಂದು ತೊಳೆಯೂ ನಾನು ತಿನ್ನಲ್ಲ ಅಂತ ನಂಗೇ ಗೊತ್ತು. ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು ನಿಂತ್ಕೊಂಡೇ ತಿಂದೆ. ಕಳ್ಳಿ ಥರ. ಸಿಪ್ಪೆ ಜೇಬಲ್ಲಿ ಇಟ್ಕೊಂಡೆ. ಈಚೆ ಬಂದ್ರೆ ದೊಡ್ಡವಳು ನಿಂತಿದ್ಳು, ಆಗ ಆರು ವರ್ಷ. ‘ಅಮ್ಮ, ಕಿತ್ತಳೆ ವಾಸನೆ’ ಅಂತ ನಕ್ಳು. ಪಾಪ, ಖುಷಿಯಿಂದ ಅಂದಿದ್ದು. ನಾನು ಕೆನ್ನೆಗೆ ಬಾರಿಸಿದೆ. ಬೆರಳು ಮೂಡೋ ಹಾಗೆ ಬಾರಿಸಿದೆ.”

ಅಜ್ಜಿ ಗೋಡೆ ಹಿಡಿದು ಅವಳೆದುರಿಗೆ ಕೂತಳು.

“ಬೇಡ ಬೇಡ ಅಂತ ಬಿಟ್ಟುಕೊಟ್ಟಿದ್ದೆಲ್ಲ ಒಳಗೇ ಕೊಳೀತಾ ಇತ್ತು ಅತ್ತೆ. ಬಿಟ್ಟುಕೊಟ್ಟೆ ಅಂದ್ಕೊಂಡಿದ್ದೆ, ಬಿಟ್ಟಿರ್ಲಿಲ್ಲ. ಆ ವಾರಾನೇ ಡಬ್ಬ ಇಟ್ಟಿದ್ದು. ಇವತ್ತು ನಿಮಗೋಸ್ಕರ ರೂಲು ಮುರಿದ್ರೆ, ನಾಳೆ ಮೊದಲು ಮುರಿಯೋಳು ನಾನೇ. ನನ್ನನ್ನ ನಾನು ಬಲ್ಲೆ.”

ಇಷ್ಟು ಹೇಳಿ ಅವಳು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಅಜ್ಜಿ ಕೂತಲ್ಲೇ ಕೂತಳು. ಅವಳಿಗೆ ಮಗನ ಒಂದು ಅಭ್ಯಾಸ ನೆನಪಾಯಿತು. ಅವನ ತಟ್ಟೆಗೆ ಏನು ಬಡಿಸಿದರೂ ಅವನು ಮೊದಲು ಅಮ್ಮನ ತಟ್ಟೆ ನೋಡುತ್ತಾನೆ. ಅದರಲ್ಲಿ ಇದೆ ಎಂದು ಖಾತ್ರಿಯಾದ ಮೇಲೇ ಬಾಯಿಗಿಡುತ್ತಾನೆ. ನಲವತ್ತು ಸಮೀಪಿಸಿದರೂ ಹಾಗೆಯೇ. ಅದನ್ನು ಅವಳು ಇಷ್ಟು ದಿನ ಮಗನ ಪ್ರೀತಿ ಎಂದುಕೊಂಡು ಹಿಗ್ಗುತ್ತಿದ್ದಳು. ‘ತಿನ್ನು, ನಾನು ಉಪವಾಸ ಇದ್ರೂ ಪರವಾಗಿಲ್ಲ’ ಎಂದು ಎಳೆಯ ಹುಡುಗನಿಗೆ ಹೊತ್ತು ಹೊತ್ತಿಗೂ ಹೇಳಿದ್ದು ಅವಳೇ ಅಲ್ಲವೇ? ಪಾಪ, ಅವನು ಒಂದು ತುತ್ತನ್ನಾದರೂ ನೆಮ್ಮದಿಯಿಂದ ನುಂಗಿದ್ದನೋ ಇಲ್ಲವೋ. ಅಜ್ಜಿಗೆ ಅಳು ಬಂತು. ಅತ್ತಳು. ಅಡುಗೆಮನೆಗೆ ಕೇಳಿಸದಂತೆ ಅಳುವುದು ಆ ಮನೆಯಲ್ಲಿ ಸಾಧ್ಯವಿರಲಿಲ್ಲ, ಆದರೂ ಸೊಸೆ ಕೇಳಿಸದವಳಂತೆ ಇದ್ದಳು. ಅದು ಅವಳ ದೊಡ್ಡತನ.

ಮಾರನೇ ಸಂಜೆ ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದರು. ದುಪ್ಪಟಿಯ ಎರಡು ತುದಿ ಸೊಸೆ ಹಿಡಿದಿದ್ದಳು, ಎರಡು ಅಜ್ಜಿ. ಜಾಡಿಸಿ, ಎಳೆದು, ಹತ್ತಿರ ಬಂದು ತುದಿಗೆ ತುದಿ ಕೂಡಿಸುವಾಗ ಅಜ್ಜಿಯ ಬಾಯಿಂದ ತಾನಾಗಿಯೇ ಮಾತು ಹೊರಬಿತ್ತು.

“ಲಾಡ್ಜಿನ ಮಂಚದ ಮೇಲೆ ಮಲಗಬೇಕು.”

“ಹಾಂ?”

“ಒಂದು ದಿನ. ಮೂವತ್ತೊಂದು ವರ್ಷ ಹಾಸಿದೀನಿ ಕಣೇ, ದಿನಕ್ಕೆ ಹದಿನಾಲ್ಕು ಹಾಸಿಗೆ. ಒಂದ್ಸಲ ಮೊಣಕಾಲು ನೋವು ಅಂತ ಅಂಚಿಗೆ ಕೂತಿದ್ದಕ್ಕೆ ಮ್ಯಾನೇಜರ್ ಬೈದ. ಬಿಳೀ ಹಾಸಿಗೆ, ಗರಿಗರಿ. ಅದರ ಮೇಲೆ ಬಿದ್ಕೋಬೇಕು. ಯಾರೂ ಏಳು ಅನ್ನಬಾರದು. ಆಮೇಲೆ ಎದ್ದು, ಹಾಗೇ ಬಿಟ್ಟು ಬರಬೇಕು. ಮುದ್ದೆಮುದ್ದೆಯಾಗಿ. ಬೇರೆ ಯಾರಾದರೂ ಹಾಸಿಕೊಳ್ಳಲಿ.”

ಹೇಳಿ ಮುಗಿಸಿದ ಮೇಲೆ ಅಜ್ಜಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ವಯಸ್ಸಾದ ಹೆಂಗಸು ಆಡುವ ಮಾತೇ ಇದು? ಸೊಸೆ ದುಪ್ಪಟಿಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, “ಇದು ಅಸಲಿ ಹೊಲಿಗೆ ಅತ್ತೆ,” ಎಂದಳು.

ಆ ಸಂಜೆ ವಕೀಲಮ್ಮ ತಕರಾರು ತೆಗೆದಳು: ಮಲಗುವುದು ವಸ್ತುವಲ್ಲವಲ್ಲ, ಕೈಯಲ್ಲಿ ಏನೂ ಉಳಿಯುವುದಿಲ್ಲವಲ್ಲ. “ಸಿನಿಮಾ ನೋಡಿದ್ರೆ ಕೈಯಲ್ಲಿ ಏನು ಉಳಿಯುತ್ತೆ?” ಎಂದು ದೊಡ್ಡವಳು ಕೇಳಿದ ಮೇಲೆ ತಕರಾರು ಬಿದ್ದುಹೋಯಿತು. ಮಗ ಮಾತ್ರ ಎದ್ದು ಹೊರಗೆ ಹೋಗಿ, ತುಂಬ ಹೊತ್ತು ಮಹಡಿಯ ಕಂಬಿ ಹಿಡಿದು ನಿಂತಿದ್ದ.

ಶನಿವಾರ, ತಿಂಗಳ ಕೊನೆಯ ದಿನ, ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟ ಮೇಲೆ ಅಜ್ಜಿ ಡಬ್ಬದ ದುಡ್ಡನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿಗೆ ಹೋದಳು.

“ಎಷ್ಟು ಜನ?” ಕೌಂಟರಿನವನು ಕೇಳಿದ.

“ಒಬ್ಬಳೇ.”

“ಎಷ್ಟು ದಿನ?”

“ಸಂಜೆವರೆಗೆ.”

“ಏನು ಕೆಲಸದ ಮೇಲೆ ಬಂದಿದ್ದು?”

“ಮಲಗೋಕೆ.”

ಅವನು ಪೆನ್ನು ಎತ್ತಿದವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಏನೂ ಅರ್ಥವಾಗದೆ ‘ವಿಶ್ರಾಂತಿ’ ಎಂದು ಬರೆದುಕೊಂಡ.

ಎರಡನೇ ಮಹಡಿಯ ಮೂಲೆಯ ರೂಮು. ಬಾಗಿಲು ಹಾಕಿಕೊಂಡ ಮೇಲೆ ಅಜ್ಜಿ ಮೊದಲು ಮಾಡಿದ್ದು ಮಂಚದ ಕೆಳಗೆ ಬಗ್ಗಿ ನೋಡಿದ್ದು. ಕಸ ಇತ್ತು. ಕನ್ನಡಿಯ ಮೇಲಂಚಿಗೆ ಬೆರಳಾಡಿಸಿದಳು, ಧೂಳು. ‘ಮೇಲುಮೇಲಿನ ಕೆಲಸ’ ಎಂದು ಮೂಗು ಮುರಿದು, ಇದು ತನ್ನ ಪಾಳಿಯಲ್ಲವೆಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಮಂಚದ ಅಂಚಿಗೆ ಕೂತಳು. ಯಾರೂ ಬೈಯಲಿಲ್ಲ. ಕಾಲು ಮೇಲೆ ತೆಗೆದುಕೊಂಡಳು. ಅಂಗಾತ ಮಲಗಿ ಕೈಕಾಲು ಅಗಲಿಸಿದಳು. ಮೂವತ್ತೊಂದು ವರ್ಷ ಆ ಬಿಳುಪನ್ನು ಅವಳು ಮೇಲಿನಿಂದಲೇ ಕಂಡಿದ್ದಳು. ಈಗ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಫ್ಯಾನು ನೋಡುತ್ತಾ, ಅಯ್ಯೋ, ಎಷ್ಟು ಸುಖವಪ್ಪ ಇದು ಎಂದು ಬಾಯಿಬಿಟ್ಟೇ ಹೇಳಿ, ಗೊರಕೆ ಹೊಡೆಯುವ ಹಾಗೆ ನಿದ್ದೆ ಹೋದಳು.

ನಾಲ್ಕು ಗಂಟೆಗೆ ಎದ್ದು, ಮುಖ ತೊಳೆದು, ಕೆಳಗಿಳಿದು ಕೀಲಿ ಕೊಟ್ಟಳು. ಕೌಂಟರಿನವನು ರೂಮು ನೋಡಿಕೊಂಡು ಬರಲು ಕೆಲಸದವಳನ್ನು ಮೇಲೆ ಕಳಿಸಿದ. ಅವಳು ಹೋದಷ್ಟೇ ಬೇಗ ಇಳಿದು ಬಂದಳು.

“ಸಾರ್, ಆ ರೂಮು ಉಪಯೋಗಿಸೇ ಇಲ್ಲ. ಹಾಸಿಗೆ ಹಾಸಿದ್ದು ಹಾಸಿದ ಹಾಗೇ ಇದೆ. ನಾನು ಹಾಸಿದ್ದಕ್ಕಿಂತ ನೀಟಾಗಿದೆ.”

ಅಜ್ಜಿ ತಿರುಗಿ ಮೆಟ್ಟಿಲ ಕಡೆ ನೋಡಿದಳು. ಎದ್ದವಳು ಹಾಸಿಗೆ ಜಾಡಿಸಿ, ಎಳೆದು, ನಾಲ್ಕೂ ಮೂಲೆ ಒಳಗೆ ತುರುಕಿ, ದಿಂಬು ತಟ್ಟಿ ಇಟ್ಟು ಬಂದಿದ್ದಳು. ಯಾವಾಗ? ನೆನಪೇ ಇರಲಿಲ್ಲ. ಕೈಗಳು ಅವಳನ್ನು ಕೇಳದೆ ತಮ್ಮ ಕೆಲಸ ಮುಗಿಸಿದ್ದವು.

“ಏನಮ್ಮಾ, ರೂಮು ಹಿಡಿಸಲಿಲ್ವಾ?” ಕೌಂಟರಿನವನು ಒಳ್ಳೆಯ ಮನುಷ್ಯ. ಮುದುಕಿಯ ಹತ್ತಿರ ಪೂರ್ತಿ ತೆಗೆದುಕೊಳ್ಳಲು ಮನಸ್ಸಾಗದೆ ಅರ್ಧ ದುಡ್ಡು ವಾಪಸು ಕೊಟ್ಟ. ‘ಇಲ್ಲಪ್ಪ, ನಾನು ಮಲಗಿದ್ದೆ’ ಎನ್ನಲು ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡ ಮೊಮ್ಮಗಳ ಶೂ ಕಣ್ಣೆದುರು ಬಂತು. ಬಾಯಿ ಮುಚ್ಚಿಕೊಂಡು ದುಡ್ಡು ಗಂಟು ಹಾಕಿಕೊಂಡಳು.

ಕೋಟೆ ಗೆದ್ದವಳ ಹಾಗೆ ಮನೆಗೆ ಬಂದು, ಸಂಜೆ ಎಲ್ಲರೂ ಸೇರಿದಾಗ ಗಂಟು ಬಿಚ್ಚಿ ನಡುವೆ ಇಟ್ಟಳು. “ನಾನು ಮಲಗಿದ್ದೂ ಆಯ್ತು, ಅರ್ಧ ದುಡ್ಡು ಉಳೀತು. ಶೂಗೆ ಸೇರಿಸಿ, ಒಳ್ಳೇದು ಬರುತ್ತೆ,” ಎಂದು ನಡೆದದ್ದನ್ನೆಲ್ಲ ಬಣ್ಣಿಸಿದಳು. ಮಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಗೋಡೆಗೊರಗಿಕೊಂಡ. ಪುಟ್ಟ ಏನೂ ತಿಳಿಯದೆ ಅಪ್ಪನಿಗಿಂತ ಜೋರಾಗಿ ನಕ್ಕ. ನಗದೆ ಇದ್ದವಳು ಸೊಸೆ ಒಬ್ಬಳೇ.

“ಮಲಗೋಕೆ ಹೋದೋರು ಕೆಲಸ ಮಾಡಿ ಬಂದಿದೀರ ಅತ್ತೆ,” ಎಂದಳು. “ಸಂಬಳಾನೂ ತಗೊಂಡು ಬಂದಿದೀರ.”

ನಗು ನಿಂತುಹೋಯಿತು. ಅಜ್ಜಿ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಉಗುರು ಸವೆದ, ಬೆರಳು ಸೊಟ್ಟಗಾದ ಕೈಗಳು. ಸೊಸೆಯ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

“ಹಂಗಾದ್ರೆ ಸರದಿ ಅರ್ಧ ಮುಗಿದಿದೆ, ಅರ್ಧ ಬಾಕಿ,” ವಕೀಲಮ್ಮ ತೀರ್ಪು ಕೊಟ್ಟಳು. “ನಾಳೆ ಒಂದನೇ ತಾರೀಕು. ಬಾಕಿ ಮುಗೀಬೇಕು.”

ದೊಡ್ಡವಳು ಮೂಲೆಯಿಂದ ಎದ್ದಳು. ಅಜ್ಜಿಯ ಪಕ್ಕಕ್ಕೆ ಬಂದು ಕೂತು, “ಅಜ್ಜಿ, ನಂಗೆ ಶೂ ಬೇಕೇ ಬೇಕು,” ಎಂದಳು. “ತುಂಬ ಬೇಕು. ಆದ್ರೆ ನಿನ್ನದು ಕಿತ್ಕೊಂಡು ಬೇಡ. ಆ ಶೂನಲ್ಲಿ ನಂಗೆ ಓಡೋಕಾಗಲ್ಲ. ನಾಳೆ ಹೋಗಿ ಸರಿಯಾಗಿ ಮಲಗು.”

ಹದಿಮೂರು ವರ್ಷದ ಹುಡುಗಿ ಬೇಕೆಂದು ಹೇಳಿದ ರೀತಿ ನೋಡಿ ಅಜ್ಜಿಗೆ ಹೆಮ್ಮೆಯಾಯಿತು. ತನ್ನ ಜನ್ಮದಲ್ಲಿ ಹೀಗೆ ತಲೆ ಎತ್ತಿ ಬೇಕೆಂದು ಕೇಳಿದವಳಲ್ಲ ಅವಳು. ಮಗನಿಗೂ ಕಲಿಸಿರಲಿಲ್ಲ. ಈ ಮಕ್ಕಳಿಗೆ ಇದನ್ನು ಕಲಿಸಿದವಳು ಅಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಏಳಕ್ಕೇ ಅಜ್ಜಿ ಮತ್ತೆ ಕೌಂಟರಿನ ಮುಂದೆ ನಿಂತಳು. “ನಿನ್ನೆ ಮಲಗಿದ್ದೆ ಕಣಪ್ಪ, ಹೇಳದೆ ಹೋಗಿದ್ದು ಸುಳ್ಳಾಯ್ತು,” ಎಂದು ಅರ್ಧ ದುಡ್ಡನ್ನು ಮುಂದೆ ತಳ್ಳಿದಳು. “ಮಧ್ಯಾಹ್ನದವರೆಗೆ ಅದೇ ರೂಮು ಕೊಡು.” ಅವನು ಈ ಸಲ ಏನನ್ನೂ ಕೇಳಲಿಲ್ಲ, ಕೀಲಿ ಕೊಟ್ಟ.

ಹನ್ನೆರಡಕ್ಕೆ ಸೊಸೆ ಮತ್ತು ದೊಡ್ಡ ಮೊಮ್ಮಗಳು ಬಂದು ಬಾಗಿಲು ತಟ್ಟಿದರು. ಅಲ್ಲಿಂದ ನೇರ ಶೂ ಅಂಗಡಿಗೆ ಹೋಗುವುದೆಂದು ಹೊಸ ತಿಂಗಳ ಡಬ್ಬದ ದುಡ್ಡು ಹುಡುಗಿಯ ಜೇಬಿನಲ್ಲಿತ್ತು. ಅಜ್ಜಿ ನಿದ್ದೆಗಣ್ಣಲ್ಲಿ ಬಾಗಿಲು ತೆರೆದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಕೂದಲು ಕೆದರಿ ಕಾಗೆ ಗೂಡು. ಹೊದಿಕೆ ಅರ್ಧ ನೆಲದ ಮೇಲಿತ್ತು. ಒಂದು ದಿಂಬು ಕಾಲ ಕಡೆ, ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ. ಅಜ್ಜಿ ತಿರುಗಿ ಅದನ್ನು ನೋಡಿದ್ದೇ ತಡ, ಕೈ ಮುಂದಕ್ಕೆ ಹೋಯಿತು.

“ಅಜ್ಜಿ, ಕೈ!” ಎಂದಳು ಮೊಮ್ಮಗಳು.

ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಷ್ಟು ಹೊತ್ತಿಗೆ ನಿನ್ನೆಯ ಕೆಲಸದವಳು ಬಕೆಟ್ಟು, ಪೊರಕೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಸೊಂಟಕ್ಕೆ ಬಿಗಿದ ಬಟ್ಟೆ, ಒದ್ದೆ ಮಣಿಕಟ್ಟು. ಅಜ್ಜಿಗೆ ಅವಳ ಮುಖ ನೋಡುವುದು ಕಷ್ಟವಾಯಿತು. ಆ ಮಂಚದ ಇನ್ನೊಂದು ಪಕ್ಕ ಹಿಡಿದರೆ ಎರಡೇ ನಿಮಿಷದ ಕೆಲಸ, ಅವಳ ಸೊಂಟಕ್ಕೆ ಅಷ್ಟಾದರೂ ಆಸರೆ. ಅಜ್ಜಿಯ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿದವು.

“ತುಂಬ ಗಲೀಜು ಮಾಡಿಬಿಟ್ಟೆ ಕಣಮ್ಮ,” ಎಂದಳು.

ಕೆಲಸದವಳು ಒಳಗೆ ಬಂದು ಹಾಸಿಗೆ ನೋಡಿ, ಅಜ್ಜಿಯ ಕೆನ್ನೆಯ ಗೆರೆ ನೋಡಿ, ನಕ್ಕುಬಿಟ್ಟಳು. “ಇವತ್ತು ಚೆನ್ನಾಗಿ ಮಲಗಿದೀರ ಬಿಡಿ. ಹೋಗಿ ಬನ್ನಿ, ನಾನು ನೋಡ್ಕೋತೀನಿ.”

ಅಜ್ಜಿ ಹೊಸ್ತಿಲು ದಾಟಿದಳು. ಹಿಂದೆ ದುಪ್ಪಟಿ ಜಾಡಿಸಿದ ಸದ್ದು ಕೇಳಿಸಿತಾದರೂ ತಿರುಗಲಿಲ್ಲ. ಮೆಟ್ಟಿಲ ಬಳಿ ಸೊಸೆ ಅವಳ ಚೀಲ ತೆಗೆದುಕೊಂಡು, ಅವಳ ಮುಖ ನೋಡದೆ, ಅಳುಕುತ್ತಲೇ ಕೇಳಿದಳು:

“ಹೇಗಿತ್ತು ಅತ್ತೆ?”

ಸೊಸೆ ಯಾವ ಉತ್ತರಕ್ಕೆ ಹೆದರುತ್ತಿದ್ದಾಳೆಂದು ಅಜ್ಜಿಗೆ ಗೊತ್ತಿತ್ತು: ಸಾಕಾಯ್ತಮ್ಮ, ಜನ್ಮಕ್ಕೆ ಸಾಕು, ಇನ್ನೇನೂ ಬೇಡ. ನಾಲಗೆಯ ತುದಿಯವರೆಗೆ ಅದೇ ಬಂದಿತ್ತು. ಅಜ್ಜಿ ಮೆಟ್ಟಿಲ ಕಂಬಿ ಹಿಡಿದು ನಿಂತು, ನಿಜ ಏನೆಂದು ಒಂದು ಗಳಿಗೆ ಯೋಚಿಸಿದಳು.

“ಸಾಲಲಿಲ್ಲ,” ಎಂದಳು. “ಆರು ತಿಂಗಳಾದ ಮೇಲೆ ಮತ್ತೆ ಬರ್ತೀನಿ.”

ಸೊಸೆ ಜೋರಾಗಿ ನಕ್ಕಳು. ಮೂರು ಮೆಟ್ಟಿಲು ಇಳಿದ ಮೇಲೆ ಆ ನಗು ಅಳುವಾಯಿತು. ಅವಳು ಅದನ್ನು ಮುಚ್ಚಿಡಲೂ ಇಲ್ಲ, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಅಜ್ಜಿಯ ಕೈ ಹಿಡಿದುಕೊಂಡು ಇಳಿದಳು. ಹುಡುಗಿ ಆಗಲೇ ಕೆಳಗೆ ಬೀದಿ ಸೇರಿ, ಬೇಗ ಬನ್ನಿ ಎಂದು ಇಬ್ಬರನ್ನೂ ಕೂಗುತ್ತಿದ್ದಳು.